ಚಿಲ್ಲರೆ ಜೇಬಿಗೆ ಹಾಕೋ ಮುಂಚೆ ಒಮ್ಮೆ ತಿರುಗಿಸಿ ನೋಡಿ

ಜೇಬಲ್ಲಿರೋ ಒಂದು ರೂಪಾಯಿ ತೆಗೆಯಿರಿ. ಸಿಂಹಗಳು ನೆಟ್ಟಗೆ ನಿಲ್ಲುವ ಹಾಗೆ ಮೇಲೊಂದು ಬೆರಳು, ಕೆಳಗೊಂದು ಬೆರಳು ಇಟ್ಟು ಹಿಡಿದು, ಪುಸ್ತಕದ ಹಾಳೆ ಮಗುಚಿದ ಹಾಗೆ ಪಕ್ಕಕ್ಕೆ ತಿರುಗಿಸಿ. ಹಿಂದಿನ ಅಂಕಿಯೂ ನೆಟ್ಟಗೇ ಇರಬೇಕು. ನಮ್ಮ ನಾಣ್ಯಗಳನ್ನು ಹಾಗೇ ಅಚ್ಚು ಹಾಕುವುದು. ಅಂಕಿ ವಾಲಿದ್ದರೆ, ಯಂತ್ರದಲ್ಲಿ ಎರಡು ಮುಖ ಒತ್ತುವ ಎರಡು ಅಚ್ಚುಗಳಲ್ಲಿ ಒಂದು ಸಡಿಲವಾಗಿ ತಿರುಗಿಕೊಂಡಿದೆ ಅಂತ ಅರ್ಥ. ಸ್ವಲ್ಪ ವಾಲಿದ್ದು ಆಗಾಗ ಸಿಗುತ್ತದೆ, ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಪೂರ್ತಿ ಅಡ್ಡ ತಿರುಗಿದ್ದೋ ತಲೆಕೆಳಗಾದದ್ದೋ ಸಿಕ್ಕರೆ ಮಾತ್ರ ಆ ದಿನ ಹಬ್ಬ.

ಟಂಕಸಾಲೆಯಲ್ಲಿ ತಪ್ಪಾಗಿ ಅಚ್ಚಾದ ನಾಣ್ಯ ಹುಡುಕುವ ಈ ಹುಚ್ಚಿಗೆ ದುಡ್ಡು ಬೇಕಿಲ್ಲ, ವಾಚ್ ರಿಪೇರಿಯವರ ಹತ್ತಿರ ಇರುತ್ತದಲ್ಲ, ಅಂಥ ಒಂದು ಲೆನ್ಸ್ ಸಾಕು. ಕಷ್ಟ ಇರೋದು ಚಿಲ್ಲರೆ ಸಿಗೋದರಲ್ಲಿ. ಎಲ್ಲರೂ ಫೋನಲ್ಲೇ ದುಡ್ಡು ಹಾಕಲು ಶುರು ಮಾಡಿದ ಮೇಲೆ ಅಂಗಡಿಯವರೂ ನಾಣ್ಯ ಮುಟ್ಟುವುದು ಕಡಿಮೆ. ನನಗೆ ಜಾಸ್ತಿ ಸಿಗುವುದು ಬಸ್ ಕಂಡಕ್ಟರ್‌ಗಳಿಂದ.

ತಿರುಗಿಸಿ ನೋಡಿದ ಮೇಲೆ ಇಸವಿಯ ಕೆಳಗೆ ನೋಡಿ. ವಜ್ರದ ಆಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ದುಂಡನೆ ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಸವೆದ ನಾಣ್ಯದಲ್ಲಿ ನೋಯ್ಡಾದ ಚುಕ್ಕೆ ಅಳಿಸಿಹೋಗಿ ಕೋಲ್ಕತ್ತಾದ ಹಾಗೆ ಕಾಣುವುದೂ ಉಂಟು, ಹುಷಾರು. ಇಲ್ಲಿನ ಟಂಕಸಾಲೆಗಳಿಗೆ ಪೂರೈಸಲಾಗದೆ ಹೊರದೇಶದಲ್ಲಿ ಅಚ್ಚು ಹಾಕಿಸಿದ ಕಾಲವೂ ಇತ್ತು. 1985ರ ಒಂದು ರೂಪಾಯಿಯಲ್ಲಿ ಇಸವಿ ಕೆಳಗೆ 'ಎಚ್' ಇದ್ದರೆ ಅದು ಬರ್ಮಿಂಗ್‌ಹ್ಯಾಮ್‌ನ ಹೀಟನ್ ಮಿಂಟಿನದು. ತೊಂಬತ್ತರ ದಶಕದ ಕೊನೆಯ ಕೆಲವು ಒಂದು ರೂಪಾಯಿಗಳಲ್ಲಿ 'ಎಂಕೆ' ಅಂತಿರುತ್ತದೆ, ಅವು ಸ್ಲೊವಾಕಿಯಾದ ಕ್ರೆಮ್ನಿಟ್ಸಾದಿಂದ ಬಂದವು. ಸ್ಲೊವಾಕಿಯಾದಲ್ಲಿ ಹುಟ್ಟಿದ ರೂಪಾಯಿ ನಮ್ಮೂರ ಸಂತೆಯಲ್ಲಿ ಕೊತ್ತಂಬರಿ ಕಟ್ಟಿಗೆ ಕೈ ಬದಲಾಗಿದೆ, ಮಜಾ ಅಲ್ವಾ?

ಇನ್ನು ನಿಜವಾದ ತಪ್ಪುಗಳ ವಿಷಯ. ಗೆಳೆಯರು ವಾಟ್ಸಾಪಿನಲ್ಲಿ ಫೋಟೋ ಕಳಿಸಿ "ಇದು ಎರರ್ ಕಾಯಿನ್ನಾ?" ಅಂತ ಕೇಳುತ್ತಾರೆ. ಮುಕ್ಕಾಲು ಪಾಲು ಅಲ್ಲ. ಯಾರೋ ಸುತ್ತಿಗೆಯಲ್ಲಿ ಬಡಿದದ್ದು, ರೈಲು ಹಳಿ ಮೇಲೆ ಇಟ್ಟದ್ದು, ಅರದಲ್ಲಿ ಉಜ್ಜಿದ್ದು. ಟಂಕಸಾಲೆ ಬಿಟ್ಟು ಹೊರಬಂದ ಮೇಲೆ ಆದದ್ದು ಬರೀ ಪೆಟ್ಟು. ಹಾಗಾಗಿ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಯಂತ್ರದಲ್ಲಿ ಇದು ಹೇಗೆ ಆಗಿರಬಹುದು? ಉತ್ತರ ಹೊಳೆಯದಿದ್ದರೆ ಮತ್ತೆ ಚಿಲ್ಲರೆ ಡಬ್ಬಿಗೆ.

ಗೆರೆಯನ್ನೇ ತಗೊಳ್ಳಿ. ಅಚ್ಚು ಬಿರುಕು ಬಿಟ್ಟರೆ ಒತ್ತಡಕ್ಕೆ ಲೋಹ ಆ ಬಿರುಕಿನೊಳಗೆ ನುಗ್ಗುತ್ತದೆ. ಅದಕ್ಕೇ ನಾಣ್ಯದ ಮೇಲೆ ಉಬ್ಬಿದ ಗೆರೆ ಬೀಳುತ್ತದೆ, ಉಗುರಿಗೆ ಸಣ್ಣಗೆ ತಗಲುತ್ತದೆ. ತಗ್ಗಾಗಿದ್ದರೆ ಅದು ಸುಮ್ನೆ ಗೀರು. ಉಕ್ಕು ಗಟ್ಟಿ ಲೋಹ, ಅಚ್ಚು ಬೇಗ ದಣಿಯುತ್ತದೆ, ಹಾಗಾಗಿ ಸ್ಟೀಲಿನ ಒಂದು, ಎರಡು ರೂಪಾಯಿಗಳಲ್ಲಿ ಹುಡುಕಿದರೆ ಇಂಥ ಗೆರೆಗಳು ಸಿಗುತ್ತವೆ. ಅಚ್ಚಿನ ಅಂಚೇ ಚೂರಾಗಿ ಬಿದ್ದುಹೋಗಿದ್ದರೆ ಆ ಜಾಗದಲ್ಲಿ ಅಕ್ಷರವೂ ಇಲ್ಲ, ಅಂಚೂ ಇಲ್ಲ, ಬೋಳು ಗಡ್ಡೆಯೊಂದು ಎದ್ದು ಕೂತಿರುತ್ತದೆ.

ನನಗೆ ತುಂಬಾ ಇಷ್ಟ ಕಚ್ಚಿದ ನಾಣ್ಯ. ಲೋಹದ ಪಟ್ಟಿಯಿಂದ ದುಂಡು ಬಿಲ್ಲೆ ಕತ್ತರಿಸುವಾಗ ಪಟ್ಟಿ ಸರಿಯಾಗಿ ಮುಂದೆ ಸರಿಯದಿದ್ದರೆ, ಆಗಲೇ ಆಗಿದ್ದ ತೂತಿನ ಮೇಲೇ ಕತ್ತರಿ ಬಿದ್ದು ಬಿಲ್ಲೆಯ ಒಂದು ಬದಿ ಹೋಗಿರುತ್ತದೆ. ಅರದಲ್ಲಿ ಕೆರೆದು ಇದನ್ನೇ ನಕಲು ಮಾಡುವವರೂ ಇದ್ದಾರೆ. ಅಸಲಿಯಾದರೆ ಹೋದ ಭಾಗದ ಸರಿ ಎದುರಿನ ಅಂಚು ನೋಡಿ, ಅಲ್ಲೂ ಸುತ್ತಲಿನ ಉಬ್ಬಿದ ದಂಡೆ ಮಸುಕಾಗಿರುತ್ತದೆ. ಬಿಲ್ಲೆಯ ದಂಡೆ ಎಬ್ಬಿಸುವಾಗ ಒಂದು ಕಡೆ ಆನಿಸಲು ಲೋಹವೇ ಇಲ್ಲದಿದ್ದರೆ ಎದುರಿನ ಕಡೆಗೂ ಒತ್ತಡ ಬೀಳುವುದಿಲ್ಲ. ಕೆರೆದ ನಾಣ್ಯದಲ್ಲಿ ಎದುರು ದಂಡೆ ಪೊಗದಸ್ತಾಗಿರುತ್ತದೆ. ಕಳ್ಳ ಸಿಕ್ಕಿಬೀಳುವುದು ಅಲ್ಲೇ.

ನಾಣ್ಯ ಸಂಗ್ರಹಿಸುವವರು 'ಲಖಿ' ಅನ್ನೋ ತಪ್ಪಿನದ್ದೂ ಅದೇ ಕಥೆ, ಅದಕ್ಕೂ ನಕಲಿ ಉಂಟು. ಹಿಂದಿನ ನಾಣ್ಯ ಅಚ್ಚಿಗೇ ಅಂಟಿಕೊಂಡು ಮುಂದಿನ ಬಿಲ್ಲೆಗೆ ಅದೇ ಒತ್ತಿದರೆ, ಒಂದು ಮುಖದಲ್ಲಿ ಸರಿಯಾದ ಚಿತ್ರ, ಇನ್ನೊಂದರಲ್ಲಿ ಅದೇ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಗ್ಗಾಗಿ. ಎರಡು ನಾಣ್ಯ ಜೋಡಿಸಿ ಬಡಿದು ಮಾಡಿದ ನಕಲಿಯಲ್ಲಿ ಕನ್ನಡಿ ಚಿತ್ರ ಇಲ್ಲದ ಮುಖ ಚಪ್ಪಟೆಯಾಗಿರುತ್ತದೆ.

ಹತ್ತು ರೂಪಾಯಿಯ ಗಲಾಟೆ ನೆನಪಿದೆಯಾ? ಅಂಕಿಯ ಮೇಲೆ ಕಿರಣದ ಹಾಗಿರುವ ಗೆರೆಗಳಲ್ಲಿ ಹತ್ತು ಗೆರೆಯದ್ದು ಅಸಲಿ, ಹದಿನೈದು ಗೆರೆಯದ್ದು ನಕಲಿ ಅಂತ ಯಾರೋ ಹಬ್ಬಿಸಿ ಎಷ್ಟೋ ಅಂಗಡಿಯವರು ನಾಣ್ಯ ಮುಟ್ಟುವುದೇ ಬಿಟ್ಟರು. ಅದು ಬರೀ ವಿನ್ಯಾಸದ ಬದಲಾವಣೆ. ಅಲ್ಲಿಯವರೆಗೆ ಬಂದಿದ್ದ 14 ವಿನ್ಯಾಸಗಳೂ ಚಲಾವಣೆಗೆ ಯೋಗ್ಯ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ.

ಬೆಲೆ ಎಷ್ಟು ಅಂತ ಕೇಳಬೇಡಿ ಮಾರಾಯ್ರೆ. ವೈಷ್ಣೋದೇವಿ ಚಿತ್ರ ಇರೋ ನಾಣ್ಯಕ್ಕೆ ಲಕ್ಷ ಕೊಡ್ತೀವಿ, ಮೊದಲು ಕಮಿಷನ್ ಕಳಿಸಿ ಅನ್ನೋರು ಕಳ್ಳರು. ತನ್ನ ಹೆಸರು ಬಳಸಿಕೊಂಡು ಹೀಗೆ ಮೋಸ ಮಾಡುತ್ತಿದ್ದಾರೆ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿತ್ತು. ಒಳ್ಳೆಯ ಎರರ್ ನಾಣ್ಯಕ್ಕೆ ಗಿರಾಕಿ ಇದ್ದಾರೆ ನಿಜ, ಆದರೆ ಅವರು ಮುಂಗಡ ಕೇಳುವುದಿಲ್ಲ, ಲೆನ್ಸ್ ಹಾಕಿ ನೋಡುತ್ತಾರೆ.

ಮತ್ತೆ, ಏನಾದರೂ ಸಿಕ್ಕರೆ ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ತಿಕ್ಕಿದರೆ ಹೊಸ ಗೀರುಗಳೆಲ್ಲ ಬಿದ್ದು, ಯಾವುದು ಅಚ್ಚಿನ ಬಿರುಕು, ಯಾವುದು ನಿಮ್ಮ ನಾರಿನ ಗುರುತು ಅಂತ ನನಗೂ ಹೇಳಕ್ಕಾಗಲ್ಲ.