ಮನೆಯಲ್ಲಿ ಊಟ ಇಟ್ಟುಕೊಂಡು ಹೋಟೆಲಿಗೆ

ಡಿಸೆಂಬರ್ 25, 2025, ಗುರುವಾರ

ಬೆಳಿಗ್ಗೆ ತಾಳಗುಪ್ಪ ರೈಲಿನಿಂದ ಸಾಗರ ಜಂಬಗಾರಿನಲ್ಲಿ ಇಳಿದೆ. ಮಂಜು ಎಷ್ಟಿತ್ತೆಂದರೆ ಆಟೋದವರ ದನಿ ಮೊದಲು ಕೇಳಿಸಿತು, ಆಟೋ ಆಮೇಲೆ ಕಾಣಿಸಿತು. ಅಮ್ಮನಿಗೆ ಫೋನ್ ಮಾಡಿ, "ತಿಂಡಿ ಇಲ್ಲೇ ಹೋಟೆಲಲ್ಲಿ ಮಾಡ್ಕೊಂಡು ಬರ್ತೀನಿ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ.

"ಯಾಕೆ, ಮನೇಲಿ ಒಲೆ ಆರಿದೆಯಾ?"

ನಮ್ಮ ಕಡೆ ಹೀಗೆ. ಹೋಟೆಲು ಇರೋದು ಸಿಗಂದೂರು ದೇವಿ ನೋಡೋಕೆ ಬರೋ ಜನಕ್ಕೆ. ತುಮರಿಯವರು ತುಮರಿಯ ಹೋಟೆಲಲ್ಲಿ ಕೂತು ಉಂಡರೆ ಮನೆಯಲ್ಲಿ ಜಗಳ ಆಗಿದೆ ಅಂತಲೇ ಲೆಕ್ಕ. ನನಗೀಗ 41. ಹುಟ್ಟಿದ ಊರಿನ ಒಂದೇ ಒಂದು ಹೋಟೆಲಲ್ಲೂ ಕೂತು ಊಟ ಮಾಡಿಲ್ಲ. ಹೋದ ತಿಂಗಳು ಬೆಂಗಳೂರಿನ ಆಫೀಸಲ್ಲಿ ಒಬ್ಬ ಈ ಕಡೆ ಸುತ್ತಾಡಿ ಬಂದು, "ನಿಮ್ಮ ದ್ವೀಪದಲ್ಲಿ ಮೀನೂಟ ಚೆನ್ನಾಗಿರುತ್ತೆ ಅಲ್ವಾ?" ಅಂತ ಕೇಳಿದ. ಸುಮ್ನೆ ತಲೆ ಆಡಿಸಿದೆ. ಅವಮಾನ ಆಯ್ತು. ಈ ಸಲದ ರಜೆಯಲ್ಲಿ ದಿನಕ್ಕೊಂದು ಹೋಟೆಲು ಅಂತ ಆಗಲೇ ತೀರ್ಮಾನ ಮಾಡಿದ್ದೆ.

ದ್ವೀಪ ಅಂತ ಎಲ್ಲರೂ ಕರೆಯುತ್ತಾರೆ, ನಾವೂ ಕರೆಯುತ್ತೇವೆ. ಶಾಲೆಯ ಭೂಗೋಳದ ಮೇಷ್ಟ್ರು ಮಾತ್ರ ಒಪ್ಪುತ್ತಿರಲಿಲ್ಲ. ಕೊಲ್ಲೂರು ಕಡೆಗೆ ಕಾಡಿನೊಳಗೆ ರಸ್ತೆ ಇದೆಯಲ್ಲ, ಹಾಗಾಗಿ. ಆದರೆ ನಮಗೆ ಕೋರ್ಟು, ಕಾಲೇಜು, ಆಸ್ಪತ್ರೆ, ಅಡಿಕೆ ಮಂಡಿ ಎಲ್ಲ ಇರೋದು ಸಾಗರದಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಸಾಗರಕ್ಕೂ ನಮಗೂ ನಡುವೆ ನಿಂತಿದ್ದು ಶರಾವತಿಯ ಹಿನ್ನೀರು. ಆ ನೀರು ದಾಟಿಸುತ್ತಿದ್ದದ್ದು ಜನ, ಗಾಡಿ ಎಲ್ಲ ಹೊರುತ್ತಿದ್ದ ಲಾಂಚು. ದ್ವೀಪ ಅನ್ನೋಕೆ ಇಷ್ಟು ಸಾಕು.

ಸಾಗರದ ಇಡ್ಲಿ ವಡೆ ಲೆಕ್ಕಕ್ಕಿಲ್ಲ. ಬಸ್ಸು ಹತ್ತಿ ನಿದ್ದೆ ಹೋದೆ. ಎಚ್ಚರ ಆದಾಗ ಹಿನ್ನೀರಿನ ಹೊಸ ಸೇತುವೆ ಮುಗಿದು ನಮ್ಮ ಕಡೆಯ ದಡದ ಕಳಸವಳ್ಳಿ ಬಂದಿತ್ತು. ಲಾಂಚಿನ ಕಾಲದಲ್ಲಿ ಹೊಳೆಬಾಗಿಲಲ್ಲಿ, ಅಂದರೆ ಸಾಗರದ ಕಡೆಯ ದಡದಲ್ಲಿ ಲಾಂಚು ಹತ್ತುವ ಜಾಗದಲ್ಲಿ, ಬಸ್ಸಿನಿಂದ ಇಳಿಯದೆ ಮನೆ ಸೇರಿದವರೇ ಇಲ್ಲ.

ಡಿಸೆಂಬರ್ 26, ಶುಕ್ರವಾರ

ತುಮರಿ. ಮಧ್ಯಾಹ್ನದ ಊಟ. ಹೋಟೆಲಿನ ಹೆಸರು ಬರೆಯಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ತಗಡಿನ ಮಾಡು, ನಾಲ್ಕು ಮೇಜು, ಹೊರಗೆ ಬೋರ್ಡು: "ಹೊಳೆ ಮೀನಿನ ಊಟ ಸಿಗುತ್ತದೆ". ನಾನು ಕೂತ ಕೂಡಲೇ ಗಲ್ಲೆಯಲ್ಲಿದ್ದವರು ಗುರುತು ಹಿಡಿದರು. "ನೀವು ಅವರ ಮಗ ಅಲ್ವಾ? ಮನೇಲಿ ಯಾರೂ ಇಲ್ವಾ?" ಎಲ್ಲರೂ ಇದ್ದಾರೆ ಅಂದೆ. ಪಕ್ಕದ ಮೇಜಿನವರು ನನ್ನನ್ನು ಪಾಪ ಅನ್ನೋ ಹಾಗೆ ನೋಡಿದರು.

ಕುಚಲಕ್ಕಿ ಅನ್ನ ಬಂತು, ಕೆಂಪಗಿನ ಸಾರು ಬಂತು. ಸಾರು ನಿಜಕ್ಕೂ ಚೆನ್ನಾಗಿತ್ತು. ವಾಟೆ ಹುಳಿ ಹಾಕಿದ್ದರು, ನಾಲಿಗೆಯ ಎರಡೂ ಬದಿ ಜುಂ ಅಂತು. ಆದರೆ ತಟ್ಟೆಯಲ್ಲಿ ಮಲಗಿದ್ದದ್ದು ಬಂಗಡೆ. ನೀಲಿ ಬೆನ್ನು, ಅದರ ಮೇಲೆ ಕಪ್ಪು ಗೀರು, ಅನುಮಾನವೇ ಬೇಡ. ಶರಾವತಿ ಹಿನ್ನೀರಿನಲ್ಲಿ ಬಂಗಡೆ ಸಿಕ್ಕರೆ ಅದು ಪೇಪರಿನಲ್ಲಿ ಬರಬೇಕಾದ ಸುದ್ದಿ.

"ಹೊಳೆ ಮೀನು ಅಂತ ಬರ್ದಿದೀರಲ್ಲ?"

"ಹೊಳೆದು ಬೆಳಿಗ್ಗೆನೇ ಖಾಲಿ. ರಜೆ, ಜನ ಜಾಸ್ತಿ. ಇದು ಘಟ್ಟದ ಕೆಳಗಿಂದ ಐಸ್ ಬಾಕ್ಸಲ್ಲಿ ಬಂದಿದ್ದು. ಅವರಿಗೆಲ್ಲಿ ಗೊತ್ತಾಗುತ್ತೆ ಬಿಡಿ."

ಅವರು ಅಂದರೆ ಬೆಂಗಳೂರಿನವರು. ನನ್ನ ಎದುರಿಗೇ ಹಾಗೆ ಅಂದಿದ್ದಕ್ಕೆ ಬೇಜಾರಾಗಲಿಲ್ಲ, ಖುಷಿಯೇ ಆಯ್ತು. ನಾನಿನ್ನೂ ಊರಿನ ಲೆಕ್ಕದಲ್ಲೇ ಇದ್ದೀನಿ.

ಮನೆಗೆ ಬಂದರೆ ಅಮ್ಮ ಬಡಿಸಿಕೊಂಡು ಕೂತಿದ್ದಳು. ಎರಡನೇ ಊಟವೂ ಮಾಡಿದೆ.

ಡಿಸೆಂಬರ್ 27, ಶನಿವಾರ

ಸಿಗಂದೂರು. ದೇವಸ್ಥಾನದ ರಸ್ತೆಯಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಫ್ರೈಡ್ ರೈಸ್, ಗೋಬಿ ಮಂಚೂರಿ, ಮ್ಯಾಗಿ. ಒಂದು ಗಾಡಿಯಲ್ಲಿ ಖಾರಾ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆ. ಬಜ್ಜಿ ಪರವಾಗಿಲ್ಲ. ಸಂಕ್ರಾಂತಿ ಜಾತ್ರೆ ಹೊತ್ತಿಗೆ ಇಲ್ಲಿ ಏನಾಗುತ್ತೋ, ಆ ತಾಯಿಯೇ ಬಲ್ಲಳು.

ಡಿಸೆಂಬರ್ 28, ಭಾನುವಾರ

ಹೊಳೆಬಾಗಿಲಿನ ಹಳೇ ಹೋಟೆಲಿಗೆ ಹೋಗ್ತೀನಿ ಅಂದಾಗ ಅಮ್ಮ ಸೀರೆ ಬದಲಾಯಿಸಿಕೊಂಡು ಬಂದಳು. "ನಡಿ, ನಾನೂ ಬರ್ತೀನಿ. ಏನು ಹಾಕ್ತಾರೆ ನೋಡೋಣ."

ಬೈಕಿನಲ್ಲಿ ಸೇತುವೆ ದಾಟಿದೆವು. ಹೋದ ಜುಲೈ 14ಕ್ಕೆ ಉದ್ಘಾಟನೆ ಆಗಿದ್ದು. ಉದ್ದ 2.44 ಕಿಲೋಮೀಟರ್. ನಡುವೆ ಎತ್ತರದ ಕಂಬಗಳಿಂದ ದಪ್ಪ ದಪ್ಪ ಕೇಬಲ್ ಇಳಿಬಿಟ್ಟಿದ್ದಾರೆ. ಅಲ್ಲಿ ನಿಂತು ಫೋಟೋ ತೆಗೆಯೋರ ಕಾಟ ತಪ್ಪಿಸಿಕೊಂಡು ಹೋದರೂ ಐದು ನಿಮಿಷ ಸಾಕಾಯ್ತು. ಅಂಬಾರಗೋಡ್ಲಿನಲ್ಲಿ ಇಳಿದು ಹಳೇ ದಾರಿ ಹಿಡಿದು ದಡಕ್ಕೆ ಹೋದೆವು.

ಈ ಹೋಟೆಲಲ್ಲಿ ನಾನು ಕೂತು ಉಂಡಿಲ್ಲ ನಿಜ, ನಿಂತು ತಿಂದಿದ್ದಕ್ಕೆ ಲೆಕ್ಕವಿಲ್ಲ. ಆಗೆಲ್ಲ ಏನು ತಿನ್ನಬೇಕು ಅಂತ ತೀರ್ಮಾನ ಮಾಡುತ್ತಿದ್ದದ್ದು ಲಾಂಚು. ಲಾಂಚು ನಡುನೀರಿನಲ್ಲಿ ಈ ಕಡೆ ಮುಖ ಮಾಡಿದ್ದರೆ ಬರೀ ಟೀ, ಅದೂ ಬಾಯಿ ಸುಟ್ಟುಕೊಂಡು. ಇನ್ನೂ ಆಚೆ ದಡದಲ್ಲೇ ಇದ್ದರೆ ಬನ್ಸು. ರಜೆ ದಿನ ಕಾರುಗಳ ಸಾಲು ತಿರುವಿನ ತನಕ ನಿಂತಿದ್ದರೆ ಅನ್ನ ಸಾರು. ಬೇಸಿಗೆಯಲ್ಲಿ ನೀರು ಇಳಿದು ಗಾಡಿ ಹತ್ತಿಸೋದು ನಿಲ್ಲಿಸಿದರಂತೂ ಜನ ಎರಡೆರಡು ಸಲ ತಿನ್ನುತ್ತಿದ್ದರು. ಹಸಿವು ಅಂತ ಯಾರಿಗೂ ಇರುತ್ತಿರಲಿಲ್ಲ. ಕಾಯೋಕೆ ಏನಾದರೂ ಬೇಕಿತ್ತು.

ಈಗ ಒಳಗೆ ನಾವಿಬ್ಬರೇ. ಹೋಟೆಲಿನ ಅಕ್ಕ ಟೀವಿ ನೋಡುತ್ತಿದ್ದರು. ಬನ್ಸು ಇದೆಯಾ ಅಂದರೆ, "ಹಿಟ್ಟಿದೆ ತಮ್ಮ, ಎಣ್ಣೆ ಕಾಯಿಸ್ಬೇಕು" ಅಂದರು. ಕಾಯಿಸಿ ಅಂದೆ, ಅವಸರ ಏನಿಲ್ಲ.

"ಮುಂಚೆ ಲಾಂಚು ನೋಡಿ ಒಲೆ ಹಚ್ತಿದ್ದೆ. ಅದು ಆಚೆ ಕಡೆ ಬಿಡ್ತು ಅಂದ್ರೆ ಬಾಣಲೆ ಇಡೋದು, ಜನ ಇಳಿಯೋ ಹೊತ್ತಿಗೆ ಬಿಸಿ ಬಿಸಿ. ಈಗ ಯಾವಾಗ ಕಾಯಿಸ್ಬೇಕು ಅಂತನೇ ತಿಳಿಯಲ್ಲ. ಯಾರು ಯಾವಾಗ ಬರ್ತಾರೋ."

ಹಿಟ್ಟು ಹಿಂದಿನ ರಾತ್ರಿಯದು. ಸಿಪ್ಪೆ ಕಪ್ಪಾದ ಬಾಳೆಹಣ್ಣು, ಮೈದಾ, ಮೊಸರು, ಸಕ್ಕರೆ, ಮೇಲಿಷ್ಟು ಜೀರಿಗೆ. ಕೈಗೆ ಎಣ್ಣೆ ಸವರಿ ಉಂಡೆ ಮಾಡಿ, ಪೂರಿಗಿಂತ ದಪ್ಪಕ್ಕೆ ಲಟ್ಟಿಸಿದರು. ಎಣ್ಣೆಗೆ ಬಿಟ್ಟಾಗ ಅದು ತಳ ಸೇರಿತು. ಮೇಲೆ ಬಂದ ಕೂಡಲೇ ಸೌಟಿನ ಬೆನ್ನಿನಿಂದ ಮೆಲ್ಲಗೆ ಒತ್ತಿದರು, ಒಂದು ಕಡೆಯಿಂದ ಗಾಳಿ ತುಂಬಿಕೊಳ್ಳುತ್ತಾ ಇಡೀ ಬನ್ಸು ಉಬ್ಬಿತು. ಮಗುಚಿದಾಗ ಬಣ್ಣ ಹೊಸ ಬೆಲ್ಲದ ಹಾಗೆ.

ಅಮ್ಮ ಒಂದು ಮುರಿದಳು. ಒಳಗಿನ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿದಳು. ತಿಂದಳು. ಏನೂ ಹೇಳಲಿಲ್ಲ. ಇನ್ನೊಂದು ತೆಗೆದುಕೊಂಡಳು.

ಆಮೇಲೆ ಶುರುವಾಯ್ತು ನೋಡಿ. ಯಾವ ಊರು, ತವರು ಎಲ್ಲಿ, ಮುಳುಗಡೆಗೆ ಮುಂಚೆ ಎಲ್ಲಿದ್ರಿ? ಅಣೆಕಟ್ಟು ತುಂಬಿದಾಗ ಅಮ್ಮನಿಗೆ ಐದು ವರ್ಷ. ಹೋಟೆಲಿನ ಅಕ್ಕ ಆಗಿನ್ನೂ ಹುಟ್ಟಿಲ್ಲ. ಆದರೆ ಅವರ ಅಮ್ಮನ ಮನೆ, ನಮ್ಮ ಅಜ್ಜನ ಮನೆ ಎರಡೂ ಒಂದೇ ಕಡೆ ಮುಳುಗಿದ್ದಂತೆ, ನಡುವೆ ಒಂದು ಗದ್ದೆ ಮಾತ್ರವಂತೆ. ಕಾಲು ಗಂಟೆಯೊಳಗೆ ಸಂಬಂಧ ಕೂಡಿಸಿದರು. ಅದು ಹೇಗೆ ಅಂತ ನನಗೆ ಈಗಲೂ ಅರ್ಥ ಆಗಿಲ್ಲ.

ಲಾಂಚು ಇದ್ದಿದ್ದರೆ ಈ ಹೋಟೆಲು ತುಂಬಿರುತ್ತಿತ್ತು ಅಂತ ನಾನು ಬಾಯಿಬಿಟ್ಟೆ. ಅಮ್ಮ ತಿರುಗಿ ನೋಡಿದಳು.

"ನಿನ್ನ ಅಜ್ಜನಿಗೆ ಎದೆನೋವು ಬಂದ ರಾತ್ರಿ ನೀನು ಬೆಂಗಳೂರಲ್ಲಿದ್ದೆ. ಕೊನೇ ಲಾಂಚು ಹೋಗಿ ಎರಡು ಗಂಟೆ ಆಗಿತ್ತು."

ಹೋಟೆಲಿನ ಅಕ್ಕನೂ ಹೌದು ಹೌದು ಅಂದರು, ಬಾಣಲೆಯ ಉರಿ ಸಣ್ಣ ಮಾಡುತ್ತಾ. ಸೇತುವೆ ಆಗಿದ್ದು ಒಳ್ಳೇದೇ ಆಯ್ತು, ಮಗ ಮೇಲೆ ರಸ್ತೆ ಬದಿಗೆ ಜಾಗ ನೋಡ್ತಿದ್ದಾನೆ ಅಂದರು. ಅಲ್ಲಿ ಬನ್ಸು ಮಾಡ್ತೀರಾ ಅಂತ ಕೇಳಿದೆ. ಅವನಿಗೆ ಮಂಚೂರಿ ಹಾಕ್ಬೇಕಂತೆ.

ಆರು ಬನ್ಸು, ನಾಲ್ಕು ಟೀ. ದುಡ್ಡು ತಗೊಳ್ಳಲೇ ಇಲ್ಲ. ಸಂಬಂಧ ಆಯ್ತಲ್ಲ. ಅಪ್ಪನಿಗೆ ಅಂತ ಪೇಪರಿನಲ್ಲಿ ಇನ್ನೆರಡು ಕಟ್ಟಿಕೊಟ್ಟರು. ಅಂತೂ ದುಡ್ಡು ಕೊಟ್ಟು ಉಂಡ ಗಿರಾಕಿ ಆಗಿದ್ದು ಬಂಗಡೆಯವರ ಹತ್ತಿರ ಮಾತ್ರ.

ಮನೆಗೆ ಬಂದ ಮೇಲೆ ಅಮ್ಮ ಅಟ್ಟದಲ್ಲಿ ಹಣ್ಣಾಗೋಕೆ ಇಟ್ಟಿದ್ದ ಬಾಳೆಗೊನೆ ಇಳಿಸಿದಳು. "ನಾಳೆ ಬಸ್ಸಿಗೆ ಹೋಗ್ತಾ ಇದನ್ನ ಅಲ್ಲಿ ಕೊಟ್ಟು ಹೋಗು. ಜೀರಿಗೆ ಸ್ವಲ್ಪ ಕಡಿಮೆ ಹಾಕೋಕೆ ಹೇಳು."

ಬಸ್ಸು ಈಗ ಹೊಳೆಬಾಗಿಲಿಗೆ ಇಳಿಯದೆ ಮೇಲಿಂದಲೇ ಹೋಗುತ್ತೆ. ಗೊನೆ ಹೊತ್ತುಕೊಂಡು ನಾನೇ ಇಳೀಬೇಕು, ಮುಂದಿನ ಬಸ್ಸಿಗೆ ಕಾಯಬೇಕು. ಇನ್ನೊಂದು ಬನ್ಸಿಗೆ ಸಮಯ ಸಿಗುತ್ತೆ.