ಬಲಗಾಲಿಗೆ ತಾಳ ಕಲಿಸಿದ ವರ್ಷ

ಕಳೆದ ವರ್ಷ ಯುಗಾದಿ ಮುಗಿದ ಎರಡು ವಾರಕ್ಕೆ ನಮ್ಮ ಮನೆಗೆ ಎಲೆಕ್ಟ್ರಾನಿಕ್ ಡ್ರಮ್ಸ್ ಬಂದಿತು. ಬೆಂಗಳೂರಿನ ಹುಡುಗನೊಬ್ಬ ಎರಡು ವರ್ಷ ಬಳಸಿ ಮಾರಲು ಇಟ್ಟಿದ್ದ ಸೆಟ್ ಅದು. ನಾಲ್ಕು ಪ್ಯಾಡುಗಳು, ತಟ್ಟೆಯಂಥ ಮೂರು ರಬ್ಬರ್ ಸಿಂಬಲ್‌ಗಳು, ಎರಡು ಪೆಡಲ್‌ಗಳು, ಇವನ್ನೆಲ್ಲ ಹಿಡಿದು ನಿಲ್ಲಿಸುವ ಕಬ್ಬಿಣದ ಚೌಕಟ್ಟು ಮತ್ತು ಒಂದು ರಾಶಿ ವೈರು ಕಾರಿನ ಡಿಕ್ಕಿಯಲ್ಲಿ ಮೈಸೂರಿಗೆ ಬಂದವು. ಎರಡನೆಯ ಮಹಡಿಯಲ್ಲಿರುವ ನಮ್ಮ ಮನೆಯಲ್ಲಿ ಇಸ್ತ್ರಿ ಮೇಜು ನಿಲ್ಲುತ್ತಿದ್ದ ಮೂಲೆಯನ್ನು ತೆರವು ಮಾಡಿ ಅವನ್ನು ಜೋಡಿಸಿದೆವು. ನನಗೆ ಆಗ 46 ವರ್ಷ. ಬ್ಯಾಂಕಿನ ಕೆಲಸ ಮುಗಿಸಿ, ಅಡುಗೆಯೂ ಮುಗಿದು, ರಾತ್ರಿ 8ರಿಂದ 9ರವರೆಗೆ ಸಿಗುವ ಒಂದು ಗಂಟೆಯಲ್ಲಿ ಯಾರಿಗೂ ತೊಂದರೆಯಾಗದಂತೆ ಏನಾದರೂ ನುಡಿಸಬೇಕೆಂಬ ಆಸೆಗೆ, ಸದ್ದೆಲ್ಲ ಹೆಡ್‌ಫೋನಿನೊಳಗೇ ಉಳಿಯುವ ಈ ವಾದ್ಯವಲ್ಲದೆ ಬೇರೆ ದಾರಿಯಿರಲಿಲ್ಲ.

ಆಸೆ ಮಾತ್ರ ಹಳೆಯದು. ನಮ್ಮ ಮನೆಯಲ್ಲಿ ಅಣ್ಣನಿಗೆ ಮೃದಂಗ, ನನಗೆ ಹಾಡುಗಾರಿಕೆ ಎಂದು ಯಾರೂ ಚರ್ಚಿಸದೆಯೇ ತೀರ್ಮಾನವಾಗಿತ್ತು. ನಾನು ಜೂನಿಯರ್ ಪರೀಕ್ಷೆಯವರೆಗೆ ಹಾಡಿದೆ, ತೊಡೆಯ ಮೇಲೆ ತಾಳ ಹಾಕಿದೆ, ಮತ್ತು ಅಣ್ಣನ ಪಾಠ ನಡೆಯುವಾಗ ಬಾಗಿಲ ಬಳಿ ಕುಳಿತು ತಕಧಿಮಿ ಎಂಬಂಥ ಅವನ ಸೊಲ್ಲುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡೆ. ಶಿವಮೊಗ್ಗದ ಗಣಪತಿ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾ ನಡೆಯುವಾಗ ಎಲ್ಲರ ಕಣ್ಣು ಗಾಯಕರ ಮೇಲಿದ್ದರೆ, ನನ್ನದು ಪಕ್ಕದಲ್ಲಿ ನಿಂತು ಎರಡು ಕಡ್ಡಿಗಳಿಂದ ಎಂಟು ಚೌಕಗಳನ್ನು ಬಡಿಯುತ್ತಿದ್ದ ಪ್ಯಾಡ್‌ನವನ ಮೇಲೆ. ರೋಲ್ಯಾಂಡ್ ಕಂಪನಿ 1985ರಲ್ಲಿ ಹೊರತಂದ ಆಕ್ಟೋಪ್ಯಾಡ್ ಎಂಬ ಹೆಸರು ಮುಂದೆ ನಮ್ಮ ಆರ್ಕೆಸ್ಟ್ರಾಗಳಲ್ಲಿ ಆ ಬಗೆಯ ವಾದ್ಯಕ್ಕೆಲ್ಲ ಅಂಟಿಕೊಂಡಿತು. ಒಂದೇ ಹಲಗೆಯಿಂದ ಢೋಲಕ್ಕು, ತಬಲಾ, ಕಾಂಗೋ ಎಲ್ಲವೂ ಬರುವುದು ಆಗ ನನಗೆ ಕಣ್ಕಟ್ಟಿನಂತೆ ಕಾಣುತ್ತಿತ್ತು.

ಕಣ್ಕಟ್ಟು ಏನೆಂಬುದು ಈಗ ಗೊತ್ತು. ಪ್ಯಾಡಿನ ಕೆಳಗೆ ಪೈಜೋ ಎಂಬ ತೆಳುವಾದ ಬಿಲ್ಲೆಯೊಂದು ಇರುತ್ತದೆ. ಪೆಟ್ಟಿನ ನಡುಕ ತಾಗಿದಾಗ ಅದರಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಮಾಡ್ಯೂಲ್ ಎಂಬ ಪೆಟ್ಟಿಗೆ ಆ ವಿದ್ಯುತ್ತಿನ ಪ್ರಮಾಣವನ್ನು ಅಳೆದು, ಪೆಟ್ಟು ಎಷ್ಟು ಜೋರಿತ್ತು ಎಂಬುದಕ್ಕೆ 127ರವರೆಗಿನ ಒಂದು ಅಂಕೆ ಕೊಟ್ಟು, ಮೊದಲೇ ಧ್ವನಿಮುದ್ರಿಸಿಟ್ಟ ಡ್ರಮ್ಮಿನ ಸದ್ದನ್ನು ಅದಕ್ಕೆ ತಕ್ಕ ಏರಿನಲ್ಲಿ ಕೇಳಿಸುತ್ತದೆ. 1981ರಲ್ಲಿ ಬಂದ ಸಿಮನ್ಸ್ ಕಂಪನಿಯ ಷಟ್ಕೋನದ ಪ್ಯಾಡುಗಳು ಬಹಳ ಗಟ್ಟಿಯಾಗಿದ್ದು, ನುಡಿಸುವವರ ಮಣಿಕಟ್ಟು ನೋಯುತ್ತಿತ್ತಂತೆ. 1997ರಲ್ಲಿ ರೋಲ್ಯಾಂಡ್ ಕಂಪನಿಯು ರೆಮೋ ಕಂಪನಿಯೊಡನೆ ಸೇರಿ ಬಲೆಯಂತಹ ಮೆಶ್ ಹೊದಿಕೆಯ ಪ್ಯಾಡನ್ನು ತಂದ ಮೇಲೆ ಕೈಗೂ ಹಿತವಾಯಿತು, ಪೆಟ್ಟಿನ ಸದ್ದೂ ತಗ್ಗಿತು. ನನ್ನ ಸೆಟ್ಟಿನಲ್ಲಿರುವುದೂ ಅಂಥದೇ ಮೆಶ್. ಮಾಡ್ಯೂಲ್ ಆಫ್ ಮಾಡಿ ಮೆಶ್ ಮೇಲೆ ಹೊಡೆದರೆ, ಪಕ್ಕದ ಕೋಣೆಯಲ್ಲಿ ಓದುತ್ತಿರುವ ಮಗಳಿಗೆ ಯಾರೋ ಮೊರದಲ್ಲಿ ಅಕ್ಕಿ ಕೇರುತ್ತಿರುವಷ್ಟು ಸದ್ದು ಕೇಳಿಸುತ್ತದೆ, ಅಷ್ಟೇ.

ಆದ್ದರಿಂದ ನಾಲ್ಕನೆಯ ದಿನ ಕೆಳಗಿನ ಮನೆಯ ಮೇಷ್ಟ್ರು ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿ ಮಾತನಾಡಿದಾಗ ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಅವರು ನಿವೃತ್ತರು, ಎಂದೂ ದನಿ ಏರಿಸಿದವರಲ್ಲ. "ಏನಮ್ಮಾ, ರಾತ್ರಿ ಹೊತ್ತು ಮೆಣಸಿನಪುಡಿ ಕುಟ್ಟುತ್ತೀರೇನು? ನಮ್ಮ ಮನೆಯವರು ಕೇಳ್ತಿದ್ರು" ಎಂದರು. ಡ್ರಮ್ಸ್ ಎಂದು ಹೇಳಿದರೆ ಅವರು ನಂಬಲಿಲ್ಲ, ಏಕೆಂದರೆ ಡ್ರಮ್ಮಿನ ಸದ್ದೇ ಅವರಿಗೆ ಕೇಳಿಸಿರಲಿಲ್ಲ. ಅವರಿಗೆ ಕೇಳಿಸಿದ್ದು ನನ್ನ ಬಲಗಾಲು.

ಇದನ್ನು ಮಾರುವವರು ಯಾರೂ ಹೇಳುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಕೈಯ ಪೆಟ್ಟಿನ ಸದ್ದು ಗಾಳಿಯಲ್ಲಿ ಹೋಗುತ್ತದೆ, ಅದನ್ನು ಮೆಶ್ ಮತ್ತು ಗೋಡೆ ತಡೆಯುತ್ತವೆ. ಕಾಲಿನದು ಹಾಗಲ್ಲ. ಪೆಡಲ್ ಒತ್ತಿದಾಗ ಬೀಟರ್ ಎಂಬ ಸಣ್ಣ ಸುತ್ತಿಗೆ ಹೋಗಿ ಕಿಕ್ ಪ್ಯಾಡಿಗೆ ಬಡಿಯುತ್ತದೆ, ಆ ಪ್ಯಾಡ್ ನಿಂತಿರುವುದು ನೆಲದ ಮೇಲೆ, ನಮ್ಮ ನೆಲವೆಂದರೆ ಅವರ ಮನೆಯ ತಾರಸಿ. ನಡುಕವು ಕಾಂಕ್ರೀಟಿನೊಳಗೆ ನೇರವಾಗಿ ಇಳಿದು ಕೆಳಗಿನ ಕೋಣೆಯಲ್ಲಿ ಗುದ್ದಾಗಿ ಹೊರಬರುತ್ತದೆ. ನಾನು ದಪ್ಪನೆಯ ಜಮಖಾನೆಯನ್ನು ಎರಡು ಮಡಿಕೆ ಮಾಡಿ ಹಾಸಿದೆ. ಅದರಿಂದ ಆದ ಲಾಭವೆಂದರೆ ಪೆಡಲ್ ಜಾರದಂತಾಯಿತು, ಗುದ್ದು ಹಾಗೆಯೇ ಇತ್ತು. ನೆಲಕ್ಕೂ ವಾದ್ಯಕ್ಕೂ ನಡುವೆ ಏನಾದರೂ ಪುಟಿಯುವಂಥದ್ದು ಇರಬೇಕು. ಇದಕ್ಕೆ ಲೋಕದ ತುಂಬ ಡ್ರಮ್ಸ್ ನುಡಿಸುವವರು ಮಾಡಿಕೊಳ್ಳುವ ಅಗ್ಗದ ಉಪಾಯವೊಂದಿದೆ: ಎರಡು ಪ್ಲೈವುಡ್ ಹಲಗೆಗಳ ನಡುವೆ ಟೆನಿಸ್ ಚೆಂಡುಗಳನ್ನಿಟ್ಟು, ಆ ವೇದಿಕೆಯ ಮೇಲೆ ವಾದ್ಯವನ್ನು ಕೂರಿಸುವುದು. ನಮ್ಮ ಬಡಗಿ ಕೆಳಗಿನ ಹಲಗೆಯಲ್ಲಿ ಚೆಂಡಿಗಿಂತ ತುಸು ಸಣ್ಣದಾದ ತೂತುಗಳನ್ನು ಕೊರೆದು ಕೊಟ್ಟ, ಚೆಂಡು ಉರುಳಿ ಹೋಗದಂತೆ ಅದರಲ್ಲಿ ಕೂರುತ್ತದೆ. ಚೆಂಡಿನ ಅಡ್ಡಳತೆ ಆರೂವರೆ ಸೆಂಟಿಮೀಟರಿಗೆ ಮೇಲಿರುವುದರಿಂದ ಹಲಗೆಗಳು ಒಂದಕ್ಕೊಂದು ತಾಗುವುದಿಲ್ಲ. ನಮ್ಮ ಬೀದಿಯ ಕ್ರಿಕೆಟ್ ಹುಡುಗರು ಆಡಿ ಬಿಟ್ಟ ಬೋಳು ಚೆಂಡುಗಳನ್ನು ಕೇಳಿ ತಂದು ತೊಳೆದು, ಒಟ್ಟು 24 ಚೆಂಡುಗಳನ್ನು ಬಳಸಿದೆ. ಪೆಡಲ್ ಇರುವ ಕಡೆ ಭಾರ ಹೆಚ್ಚೆಂದು ಅಲ್ಲಿ ಒತ್ತೊತ್ತಾಗಿ ಜೋಡಿಸಿದೆವು. ಕುಳಿತರೆ ಮೊದಲೆರಡು ದಿನ ದೋಣಿಯಲ್ಲಿ ಕುಳಿತಂತೆ ಆಗುತ್ತಿತ್ತು.

ಮೇಷ್ಟ್ರು "ಮುಕ್ಕಾಲು ಪಾಲು ಹೋಯಿತು" ಎಂದರು. ಉಳಿದ ಕಾಲುಪಾಲಿಗೆ ಕಾರಣ ಹಲಗೆಯಲ್ಲ, ನಾನೇ ಎಂದು ತಿಳಿಯಲು ಇನ್ನೂ ನಾಲ್ಕು ತಿಂಗಳು ಹಿಡಿಯಿತು.

ಡ್ರಮ್ಸ್ ಕಲಿಯುವ ಯಾರಿಗಾದರೂ ಮೊದಲು ಬರುವ ಪಾಠ ಒಂದೇ. ಬಲಗೈ, ಪೆಡಲಿನಿಂದ ಮುಚ್ಚಿ ತೆರೆಯುವ ಹೈಹ್ಯಾಟ್ ಎಂಬ ಸಿಂಬಲಿನ ಮೇಲೆ ಎಂಟು ಸಮ ಪೆಟ್ಟುಗಳನ್ನು ಹಾಕುತ್ತದೆ. ಒಂದು ಮತ್ತು ಐದನೆಯದಕ್ಕೆ ಕಾಲಿನ ಕಿಕ್, ಮೂರು ಮತ್ತು ಏಳನೆಯದಕ್ಕೆ ಎಡಗೈಯ ಸ್ನೇರ್ ಎಂಬ ಡ್ರಮ್ಮು. ಎಂಟು ಎಂದ ಕೂಡಲೇ ನನಗೆ ಆದಿತಾಳ ಕಂಡಿತು, ಗೆದ್ದೆನೆಂದುಕೊಂಡೆ. ಆದರೆ ಆದಿತಾಳದಲ್ಲಿ ಬೆಳೆದ ಮೈಗೆ ಈ ಎಂಟು ಅಕ್ಷರಗಳು ಬೇರೆಯೇ ರೀತಿ ತೂಗುತ್ತವೆ. ಒಂದು ಪೆಟ್ಟು, ಮೂರು ಬೆರಳೆಣಿಕೆ. ಒಂದು ಪೆಟ್ಟು, ಒಂದು ಹುಸಿ. ಮತ್ತೊಂದು ಪೆಟ್ಟು, ಮತ್ತೊಂದು ಹುಸಿ. ಕಿಕ್ ಬೀಳುವ ಒಂದು ಮತ್ತು ಐದು ನಮಗೂ ಪೆಟ್ಟಿನ ಜಾಗಗಳೇ. ಸ್ನೇರಿನ ಏಳೂ ಪೆಟ್ಟಿನದೇ. ಆದರೆ ಮೂರನೆಯ ಅಕ್ಷರವೆಂದರೆ ಉಂಗುರದ ಬೆರಳು. ಸದ್ದಿಲ್ಲದೆ ಮಡಚಿ ಎಣಿಸುವ ಆ ಜಾಗದಲ್ಲಿಯೇ ಡ್ರಮ್ಸ್ ಎಲ್ಲಕ್ಕಿಂತ ಗಟ್ಟಿಯಾದ ಪೆಟ್ಟನ್ನು ಕೇಳುತ್ತದೆ. ಒಂದು ವಾರ ನನ್ನ ಸ್ನೇರ್ ಮೂರರಲ್ಲಿ ಸಂಕೋಚದಿಂದಲೂ ಏಳರಲ್ಲಿ ಧೈರ್ಯದಿಂದಲೂ ಬಿದ್ದಿತು. ಪೆಟ್ಟಿನ ಅಂಕೆಗಳನ್ನು ನೋಡಿದರೆ ಒಂದು ಕಡೆ 60ರ ಆಸುಪಾಸು, ಇನ್ನೊಂದು ಕಡೆ 100ರ ಮೇಲೆ.

ಅಣ್ಣನಿಗೆ ಫೋನು ಮಾಡಿ ಅಳಲು ತೋಡಿಕೊಂಡೆ. "ಮೊದಲು ಬಾಯಲ್ಲಿ ಬರಲಿ ಕಣೇ. ಬಾಯಿಗೆ ಬಾರದ್ದು ಕೈಗೆ ಎಲ್ಲಿಂದ ಬರಬೇಕು?" ಎಂದ. ಇದು ಮೃದಂಗದ ಪ್ರತಿಯೊಂದು ಪಾಠದಲ್ಲೂ ಕೇಳುವ ಮಾತು, ಆದರೆ ಪಾಶ್ಚಾತ್ಯ ವಾದ್ಯಕ್ಕೂ ಅದು ಸಲ್ಲುತ್ತದೆಂದು ನನಗೆ ಹೊಳೆದಿರಲಿಲ್ಲ. ಹೊಳೆಯಬೇಕಿತ್ತು, ನಿಜ. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡವು ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಅವರೊಡನೆ ನುಡಿಸಿದ ಧ್ವನಿಮುದ್ರಿಕೆಗಳನ್ನು ಅಣ್ಣ ಎಷ್ಟೋ ಸಲ ಹಾಕಿದ್ದ. ಜಾಝಿನವರು ನಮ್ಮ ಸೊಲ್ಲಿನ ಜೊತೆ ನಡೆಯಬಹುದಾದರೆ ನಾನು ನನ್ನ ಸೊಲ್ಲನ್ನು ಹಿಡಿದು ಡ್ರಮ್ಸಿನ ಬಳಿ ಹೋಗಬಾರದೇಕೆ? ಅಂದಿನಿಂದ ಸ್ಟಿಕ್ ಮುಟ್ಟುವ ಮೊದಲು ಐದು ನಿಮಿಷ ತಕಧಿಮಿ ತಕಜೊಣು ಎಂದು ಹೇಳಿಕೊಂಡು, ಮೂರನೆಯ ಅಕ್ಷರವಾದ 'ಧಿ'ಗೆ ಒತ್ತು ಕೊಡುವ ಅಭ್ಯಾಸ ಮಾಡಿದೆ. ಹದಿನೈದು ದಿನಕ್ಕೆ ಎಡಗೈ ಮೂರು ಮತ್ತು ಏಳರ ಭೇದವನ್ನು ಮರೆಯಿತು.

ಆಮೇಲೆ ಬಂದದ್ದು ಎರಡನೆಯ ಪಾಠ. ಕೈಗಳದ್ದೆಲ್ಲ ಹಾಗೆಯೇ ಇರುತ್ತದೆ, ಕಿಕ್ ಮಾತ್ರ ಒಂದು, ಐದು ಮತ್ತು ಆರಕ್ಕೆ ಬೀಳಬೇಕು. ಕೇವಲ ಒಂದು ಪೆಟ್ಟು ಹೆಚ್ಚು. ಆರನೆಯ ಅಕ್ಷರವೆಂದರೆ ಹುಸಿ, ಅಂಗೈ ಮಗುಚುವ ಜಾಗ. ಅಲ್ಲಿ ನನ್ನ ಕಾಲು ಸೋತಿತು, ಮತ್ತು ಸೋತದ್ದು ನನಗೆ ಗೊತ್ತೇ ಆಗಲಿಲ್ಲ. ಹೆಡ್‌ಫೋನಿನಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳುತ್ತಿತ್ತು, ಏಕೆಂದರೆ ಪೆಟ್ಟು ಹೇಗೇ ಬಿದ್ದರೂ ಮಾಡ್ಯೂಲಿನೊಳಗಿರುವುದು ಯಾರೋ ನಿಪುಣನು ಸ್ಟುಡಿಯೋದಲ್ಲಿ ನುಡಿಸಿದ ಸದ್ದು. ಈ ವಾದ್ಯದ ಬಗ್ಗೆ ನನಗಿರುವ ದೊಡ್ಡ ದೂರು ಇದೇ. ನಾದ ಕೆಡುವುದೇ ಇಲ್ಲವಾದ್ದರಿಂದ, ಲಯ ಕೆಟ್ಟದ್ದು ಅದರ ಮರೆಯಲ್ಲಿ ಅವಿತುಕೊಳ್ಳುತ್ತದೆ. ಮೃದಂಗದಲ್ಲಾದರೆ ಬೆರಳು ಅರ್ಧ ಇಂಚು ಅತ್ತಿತ್ತಾದರೂ ನಾದವೇ ಚಾಡಿ ಹೇಳುತ್ತದೆ.

ಆದರೆ ದೂರಿಗೆ ಮದ್ದೂ ಅದರಲ್ಲೇ ಇದೆ. ಮಗಳು ಒಂದು ಭಾನುವಾರ ಮಾಡ್ಯೂಲನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ನಾನು ನುಡಿಸಿದ್ದನ್ನು ಗೆರೆಗಳಾಗಿ ತೋರಿಸಿದಳು. 1983ರಲ್ಲಿ ಬಂದ ಮಿಡಿ ಎಂಬ ಏರ್ಪಾಟಿನಲ್ಲಿ ಪ್ರತಿಯೊಂದು ಪೆಟ್ಟೂ ಒಂದು ಸಂಖ್ಯೆ: ಕಿಕ್ 36, ಸ್ನೇರ್ 38, ಮುಚ್ಚಿದ ಹೈಹ್ಯಾಟ್ 42. ಪರದೆಯ ಮೇಲೆ ಕಾಲದ ಜಾಲರಿ ಇರುತ್ತದೆ, ಪೆಟ್ಟು ಎಲ್ಲಿ ಬಿದ್ದಿತೆಂಬುದು ಕಣ್ಣಿಗೆ ಕಾಣುತ್ತದೆ. ಲಯ ಹಿಡಿದುಕೊಡುವ ಮೆಟ್ರೊನೋಮ್ ನಿಮಿಷಕ್ಕೆ 60 ಬಡಿತದಲ್ಲಿತ್ತು. ಒಂದು ಬಡಿತಕ್ಕೆ ಹೈಹ್ಯಾಟಿನ ಎರಡು ಪೆಟ್ಟು, ಅಂದರೆ ಪೆಟ್ಟುಗಳ ನಡುವೆ ಅರ್ಧ ಸೆಕೆಂಡು. 42ರ ಸಾಲು ಗೆರೆಗೆ ಅಂಟಿಕೊಂಡೇ ಇತ್ತು. 36ರ ಸಾಲಿನಲ್ಲಿ ಐದನೆಯ ಅಕ್ಷರ ಸರಿಯಿತ್ತು, ಆರನೆಯದು ಪ್ರತಿಸಲವೂ 40-50 ಮಿಲಿಸೆಕೆಂಡು ತಡವಾಗಿ ಬರುತ್ತಿತ್ತು. ಅಷ್ಟೇ ಅಲ್ಲ, ಐದನೆಯ ಪೆಟ್ಟಿನ ಬೆನ್ನಿಗೇ ನಾನು ಹಾಕದೇ ಇದ್ದ ಪುಟ್ಟ ಪೆಟ್ಟೊಂದು ಅಲ್ಲಲ್ಲಿ ಮೂಡಿತ್ತು. "ಅಮ್ಮ, ಇದು ಯಾರು ಹೊಡೆದದ್ದು?" ಎಂದು ಮಗಳು ಕೇಳಿದಳು.

ಅದನ್ನು ಬಿಡಿಸಲು ಹೋದಾಗ ಎಲ್ಲದರ ಬೇರೂ ಸಿಕ್ಕಿತು. ನಾನು ಪೆಡಲ್ ಒತ್ತಿದ ಮೇಲೆ ಕಾಲನ್ನು ಬಿಡುತ್ತಲೇ ಇರಲಿಲ್ಲ. ಬೀಟರ್ ಪ್ಯಾಡಿಗೆ ಬಡಿದು ಅಲ್ಲಿಯೇ ಒತ್ತಿಕೊಂಡು ನಿಲ್ಲುತ್ತಿತ್ತು. ಮೆಶ್ ಪುಟಿಯುವ ವಸ್ತುವಾದ್ದರಿಂದ ಒತ್ತಿದ ಬೀಟರ್ ಅದರ ಮೇಲೆ ಅದುರಿ ಆ ಅನಾಥ ಪೆಟ್ಟು ಹುಟ್ಟುತ್ತಿತ್ತು. ಮತ್ತು ಆರನೆಯ ಅಕ್ಷರಕ್ಕೆ ಮೊದಲು ಕಾಲನ್ನು ಎತ್ತಿ, ಬೀಟರನ್ನು ಹಿಂದಕ್ಕೆ ತಂದು, ಮತ್ತೆ ಒತ್ತುವ ಹೊತ್ತಿಗೆ ಅಕ್ಷರ ಮುಂದೆ ಹೋಗಿರುತ್ತಿತ್ತು. ಕೈಯಲ್ಲಿ ಯಾರೂ ಹೀಗೆ ಮಾಡುವುದಿಲ್ಲ. ಸ್ಟಿಕ್ಕನ್ನು ಪ್ಯಾಡಿಗೆ ಒತ್ತಿ ಹಿಡಿಯುವುದಿಲ್ಲ, ಅದು ತಾನಾಗಿ ಎದ್ದು ಬರಲು ಬಿಡುತ್ತೇವೆ. ಚಕ್ಕಳಮಕ್ಕಳ ಹಾಕಿ ಕುಳಿತೇ ಸಂಗೀತ ಕಲಿತವಳಿಗೆ ಕಾಲೂ ಕೈಯಂತೆ ವರ್ತಿಸಬೇಕೆಂಬುದು ಹೊಸ ಸುದ್ದಿ.

ಪರಿಹಾರ ಕುರ್ಚಿಯಿಂದ ಶುರುವಾಯಿತು. ಊಟದ ಮೇಜಿನ ಕುರ್ಚಿಯಲ್ಲಿ ಕುಳಿತು ನುಡಿಸುತ್ತಿದ್ದೆ. ಅದು ತಗ್ಗು, ಮಂಡಿ ಸೊಂಟಕ್ಕಿಂತ ಮೇಲಿರುತ್ತಿತ್ತು, ಕಾಲನ್ನು ಎತ್ತುವುದೇ ಶ್ರಮವಾಗುತ್ತಿತ್ತು. ಎತ್ತರ ಬದಲಿಸಬಹುದಾದ ದುಂಡು ಸ್ಟೂಲ್ ತಂದು, ತೊಡೆ ಮಂಡಿಯ ಕಡೆಗೆ ತುಸು ಇಳಿಜಾರಾಗುವಂತೆ ಕುಳಿತೆ. ಅನಂತರ ಹಿಮ್ಮಡಿಯನ್ನು ಪೆಡಲಿಗೆ ಊರಿ, ಮುಂಗಾಲಿನಿಂದ ಮಾತ್ರ ತಟ್ಟಿ ಬಿಡುವ ಅಭ್ಯಾಸ. ಎರಡು ತಿಂಗಳು ಬೇರೇನೂ ನುಡಿಸಲಿಲ್ಲ ಎಂದರೆ ಅತಿಶಯವಲ್ಲ. ಮೊಣಕಾಲ ಕೆಳಗಿನ ಮೂಳೆಯ ಪಕ್ಕದ ಸ್ನಾಯು ನೋಯುತ್ತಿತ್ತು, ಬ್ಯಾಂಕಿನಲ್ಲಿ ಮೇಜಿನ ಕೆಳಗೂ ಕಾಲು ತಟ್ಟುತ್ತಿತ್ತು, ಒಬ್ಬ ಗ್ರಾಹಕರು ನನಗೆ ಏನೋ ಅವಸರವಿದೆಯೆಂದು ತಿಳಿದು ನಾಳೆ ಬರುತ್ತೇನೆಂದು ಎದ್ದೇಬಿಟ್ಟರು. ಪರದೆಯಲ್ಲಿ ಆರನೆಯ ಗೆರೆ ವಾರಕ್ಕೆ ಇಷ್ಟಿಷ್ಟೇ ಎಡಕ್ಕೆ ಸರಿಯಿತು. ಈಗ 10 ಮಿಲಿಸೆಕೆಂಡಿನ ಒಳಗಿದೆ, ಕೆಲವು ದಿನ ಅವಸರಪಟ್ಟು ಗೆರೆಗಿಂತ ಮೊದಲೇ ಬರುವುದೂ ಉಂಟು. ಅನಾಥ ಪೆಟ್ಟುಗಳು ನಿಂತವು.

ಆ ದಿನಗಳಲ್ಲೇ ಮೇಷ್ಟ್ರ ಮನೆಯವರು ಮಾವಿನಕಾಯಿ ಉಪ್ಪಿನಕಾಯಿ ಕೊಡಲು ಬಂದವರು "ಬಿಟ್ಟುಬಿಟ್ಟಿರಾ? ಈಚೆಗೆ ಕುಟ್ಟುವುದೇ ಕೇಳುವುದಿಲ್ಲ" ಎಂದರು. ಅಂದೂ ಒಂದು ಗಂಟೆ ನುಡಿಸಿಯೇ ಎದ್ದಿದ್ದೆ. ತಡವಾಗಿ ಬೀಳುತ್ತಿದ್ದ ಪೆಟ್ಟು ಯಾವುದೋ, ಅವರ ತಾರಸಿಗೆ ಇಳಿಯುತ್ತಿದ್ದ ಗುದ್ದೂ ಅದೇ. ಕಾಲಿನ ಭಾರವನ್ನೆಲ್ಲ ಪೆಡಲಿನ ಮೇಲೆ ಹೇರಿ ನಿಲ್ಲಿಸುವುದನ್ನು ಬಿಟ್ಟಾಗ ಎರಡೂ ಹೋದವು.

ಎಲ್ಲವೂ ಸರಿಹೋಯಿತೆಂದು ತಿಳಿಯಬೇಡಿ. ಮಗಳ ಕಾಲೇಜಿನ ಕಾರ್ಯಕ್ರಮವೊಂದು ಮುಗಿದ ಮೇಲೆ, ವೇದಿಕೆಯಲ್ಲಿದ್ದ ನಿಜವಾದ ಡ್ರಮ್ಸಿನ ಮುಂದೆ ಐದು ನಿಮಿಷ ಕೂರಲು ಅವಕಾಶ ಸಿಕ್ಕಿತು. ಮೆಶ್ ಮೇಲೆ ಸಲೀಸಾಗಿ ಬರುತ್ತಿದ್ದ ಜೋಡಿ ಪೆಟ್ಟುಗಳು ಅಲ್ಲಿ ಬರಲೇ ಇಲ್ಲ. ಆ ಪುಟಿತವನ್ನು ನನ್ನ ಕೈಯ ಗುಣವೆಂದುಕೊಂಡಿದ್ದೆ, ಅದು ಬಲೆಯ ಗುಣವಾಗಿತ್ತು. ಆದ್ದರಿಂದ ಈಗ ದಿನಕ್ಕೆ ಹತ್ತು ನಿಮಿಷ ಒಂದು ತಲೆದಿಂಬಿನ ಮೇಲೆ ಪ್ಯಾರಾಡಿಡಲ್ ಹೊಡೆಯುತ್ತೇನೆ: ಬಲ ಎಡ ಬಲ ಬಲ, ಎಡ ಬಲ ಎಡ ಎಡ. ದಿಂಬು ಏನನ್ನೂ ಹಿಂದಕ್ಕೆ ಕೊಡುವುದಿಲ್ಲವಾದ್ದರಿಂದ ಪ್ರತಿಯೊಂದು ಪೆಟ್ಟನ್ನೂ ಮಣಿಕಟ್ಟೇ ಎತ್ತಬೇಕು. ಕಿಕ್ ಮಾತ್ರ ಆ ದಿನ ಅಲ್ಲಿಯೂ ಸರಿಯಾಗಿಯೇ ಬಿದ್ದಿತು.

ಮೆಟ್ರೊನೋಮನ್ನು 84ಕ್ಕೆ ಏರಿಸಿದ್ದೇನೆ. ಮುಂದಿನದು ಎಡಗಾಲು. ಹೈಹ್ಯಾಟಿನ ಪೆಡಲನ್ನು ಇಷ್ಟು ದಿನ ಸುಮ್ಮನೆ ಮುಚ್ಚಿ ಹಿಡಿಯಲು ಬಳಸುತ್ತಿದ್ದೆ. ಇನ್ನು ಅದು ಮೂರು ಮತ್ತು ಏಳನೆಯ ಅಕ್ಷರಕ್ಕೆ ಸ್ನೇರಿನ ಜೊತೆಗೇ ಮುಚ್ಚಬೇಕು. ಪರದೆಯಲ್ಲಿ ಅದರ ಸಂಖ್ಯೆ 44. ನಿನ್ನೆ ಮೊದಲ ಬಾರಿ ಅದರ ಸಾಲನ್ನು ತೆರೆದು ನೋಡಿದೆ, 90 ಮಿಲಿಸೆಕೆಂಡು ತಡವಿತ್ತು.