ಮಾವನ ಹೊಸ ಧೋತ್ರ

ನಮ್ಮವ್ವನ ತವರು ಯಲಬುರ್ಗಾ ಕಡೆಯ ಎರಿ ಹೊಲದ, ಅಂದರೆ ಕಪ್ಪು ಮಣ್ಣಿನ ಊರು. ಮಳೆ ಬಂದರೆ ಜೋಳ, ಕಡ್ಲಿ. ಬರದಿದ್ದರೆ ಏನೂ ಇಲ್ಲ. ಅವ್ವನ ತಂಗಿ ಚಿಗವ್ವನನ್ನು ಮಾತ್ರ ಗಂಗಾವತಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಊರಿಗೆ ಕೊಟ್ಟಿದ್ದರು. ಎಳ್ಳ ಅಮಾವಾಸ್ಯೆಗೆ ಬರುವಾಗ ಅವಳ ಜೊತೆ ಒಂದು ಚೀಲ ಸೋನಾ ಮಸೂರಿ ಬರುತ್ತಿತ್ತು. ಹೋಗುವಾಗ ಅದೇ ಚೀಲಕ್ಕೆ ಸೋದರಮಾವ ಬಿಳಿಜೋಳ ತುಂಬಿ ಕಳಿಸುತ್ತಿದ್ದ. ಯಾರೂ ತೂಗಿ ನೋಡಿದ್ದು ನನಗೆ ನೆನಪಿಲ್ಲ.

ನಾನು ಐದನೇ ಕ್ಲಾಸಿನಲ್ಲಿದ್ದೆ. ಕೊಪ್ಪಳ ಆಗಿನ್ನೂ ರಾಯಚೂರು ಜಿಲ್ಲೆಯಲ್ಲೇ ಇತ್ತು, ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಆ ಸಲ ಚಿಗವ್ವ ಅಣ್ಣನಿಗೆ ಅಂತ ಒಂದು ಹೊಸ ಧೋತ್ರ ತಂದಿದ್ದಳು. ಮಾವ ಅದನ್ನು ಉಟ್ಟುಕೊಂಡೇ ಹೊಲದ ಪೂಜೆಗೆ ಬಂಡಿ ಹೂಡಿದ.

ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪಾಂಡವರ ಪೂಜೆ ಆಯ್ತು. ಮಾವ ಚರಗ, ಅಂದರೆ ಹೊಲಕ್ಕೆ ಎಡೆಯ ತುತ್ತು, ಚೆಲ್ಲುತ್ತಾ ಮುಂದೆ ನಡೆದ. 'ಹುಲ್ಲುಲ್ಲಿಗೋ' ಅಂತ ಅವನು ಕೂಗಿದರೆ, 'ಚಲ್ಲಂಬರಿಗೋ' ಅಂತ ನಾವು ಹುಡುಗರು ಹಿಂದೆ. ಆಮೇಲೆ ಊಟ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಮೊಸರು ಬುತ್ತಿ. ಚಿಗವ್ವ ನನ್ನ ತಾಟು ಖಾಲಿಯಾಗಲು ಬಿಡಲೇ ಇಲ್ಲ. ಐದು ಶೇಂಗಾ ಹೋಳಿಗೆ ತಿಂದೆ. ಅದರ ಮೇಲೆ ಕಡ್ಲಿ ಸಾಲಿನಲ್ಲಿ ಕೂತು ಸುಲಗಾಯಿ, ಅಂದರೆ ಹಸಿ ಕಡ್ಲಿ, ಬೇರೆ.

ಸಂಜೆ ಹೊಟ್ಟೆ ಹಿಡಿದುಕೊಂಡು ಮಲಗಿದೆ. 'ಅಯ್ಯ, ನಾನೇ ಹೆಚ್ಚಿಗಿ ತಿನಿಸಿದೆ' ಅಂತ ಚಿಗವ್ವ ಅತ್ತೇಬಿಟ್ಟಳು. ನನ್ನ ತಲೆ ಅವಳ ತೊಡೆಯಿಂದ ಕೆಳಗಿಳಿಯಲಿಲ್ಲ. ಅಜ್ಜಿ ಕಡ್ಲಿ ಹುಳಿ ಕುಡಿಸಿದರೆ ಕಡಿಮೆ ಆಗುತ್ತದೆ ಅಂದಳು. ಹಿಂದಿನ ವರ್ಷದ ಬಾಟಲಿ ನೋಡಿದರೆ ಬರಿದಾಗಿತ್ತು.

ಕಡ್ಲಿ ಗಿಡದ ಎಲೆ ಮುಟ್ಟಿದರೆ ಬೆರಳಿಗೆ ಹುಳಿ ಅಂಟುತ್ತದೆ, ಅಲ್ವಾ? ರಾತ್ರಿ ಗಿಡದ ಮೇಲೆ ಬಿಳಿ ಅರಿವೆ ಹಾಸಿಟ್ಟರೆ ಇಬ್ಬನಿಯ ಜೊತೆ ಆ ಹುಳಿಯನ್ನೂ ಅದು ಹೀರುತ್ತದೆ. ಹೊತ್ತು ಏರುವ ಮೊದಲೇ ಹಿಂಡಬೇಕು, ಇಲ್ಲದಿದ್ದರೆ ಒಣಗಿಹೋಗುತ್ತದೆ.

ಮನೆಯಲ್ಲಿ ಮಾಸದ ಬಿಳಿ ಅರಿವೆ ಅಂತ ಇದ್ದದ್ದು ಮಾವನ ಮೈಮೇಲಿನ ಧೋತ್ರ ಒಂದೇ. ಅವನು ಸುಮ್ನೆ ಒಳಗೆ ಹೋಗಿ ಹಳೇ ಲುಂಗಿ ಸುತ್ತಿಕೊಂಡು ಬಂದ. ಧೋತ್ರ ಮಡಚಿ ಕಂಕುಳಲ್ಲಿ ಇಟ್ಟುಕೊಂಡ. 'ಅಮಾಸಿ ಕತ್ತಲದಾಗ ಹೊಲಕ್ಕ ಹೋಗಬ್ಯಾಡೋ' ಅಂತ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. 'ಹುಡುಗ ಒದ್ದಾಡಾಕತ್ಯಾನ' ಅಂದ ಮಾವ. ಅಷ್ಟೇ. ಕಂದೀಲು ತಗೊಂಡು ಹೊರಟ.

ಹಾಸಿ ಬಂದುಬಿಡಬಹುದಿತ್ತು. ಹಂದಿ ಬಂದು ಅರಿವೆ ಎಳೆದಾವು ಅಂತ ರಾತ್ರಿಯೆಲ್ಲ ಅಲ್ಲೇ ಕೂತ. ಎರಿ ಹೊಲದ ಚಳಿ ಎಂಥದು ಅಂತ ಆ ಕಡೆಯವರಿಗೆ ಗೊತ್ತು. ಕೋಳಿ ಕೂಗುವ ಹೊತ್ತಿಗೆ ಬಾಗಿಲು ತೆರೆದಾಗ ಅವನ ತಲೆಗೂದಲು, ಮೀಸೆ ಎಲ್ಲ ತೊಯ್ದಿತ್ತು. ಕೈಯಲ್ಲಿ ಅರ್ಧ ಬಾಟಲಿ ಹುಳಿ.

ಚಿಗವ್ವ ಎರಡು ಚಮಚ ನೀರಿಗೆ ಬೆರೆಸಿ ಬಾಯಿಗೆ ಹಿಡಿದಳು. ಹಲ್ಲು ಜುಮ್ಮೆಂದಿತು. ಮಧ್ಯಾಹ್ನಕ್ಕೆ ಎದ್ದು ಕೂತು ಗಂಜಿ ಕುಡಿದೆ. ಮಾವ ಎತ್ತಿಗೆ ಮೇವು ಹಾಕಲು ಹೋಗಿದ್ದ. ಬಂದು ನನ್ನ ತಲೆ ಸವರಿದ, ಅವನ ಬೆರಳಿನ್ನೂ ತಣ್ಣಗಿತ್ತು.

ಧೋತ್ರದ ತುಂಬ ಕಂದು ಕಲೆ. ಚಿಗವ್ವ ಮೂರು ಸಲ ಒಗೆದರೂ ಹೋಗಲಿಲ್ಲ.

ಮುಂದಿನ ಎಳ್ಳ ಅಮಾವಾಸ್ಯೆಗೆ ಅವಳು ಅಕ್ಕಿ ಚೀಲದ ಜೊತೆ ಎರಡು ಧೋತ್ರ ತಂದಳು. ಒಂದು ಅಣ್ಣ ಉಡೋದಕ್ಕೆ, ಒಂದು ಕಡ್ಲಿ ಹೊಲಕ್ಕೆ.